ಎರಡು ಲಕ್ಷ ಕಿಲೋಮೀಟರಿನ ಹೊಸ್ತಿಲಲ್ಲಿರುವ ಸ್ಕಾರ್ಪಿಯೋಗೆ ಎಷ್ಟು ಕೊಡಬಹುದು?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಮನೆಯಿಂದ ಡಾಂಬರು ರಸ್ತೆಯವರೆಗೆ ಎರಡು ಕಿಲೋಮೀಟರ್ ಮಣ್ಣಿನ ಏರುದಾರಿಯಿದ್ದು, ಮಳೆಗಾಲದಲ್ಲಿ ನಮ್ಮ ಸಣ್ಣ ಕಾರು ಅದನ್ನು ಹತ್ತುವುದಿಲ್ಲ. ಪರಿಚಯದ ಬೆಳೆಗಾರರೊಬ್ಬರು ತಮ್ಮ 2016ರ ಸ್ಕಾರ್ಪಿಯೋ ಎಸ್10 ಫೋರ್ ವೀಲ್ ಡ್ರೈವ್ ಗಾಡಿಯನ್ನು 7.25 ಲಕ್ಷ ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಹತ್ತು ವರ್ಷ ತುಂಬುತ್ತಿರುವ ಆ ಗಾಡಿ 1,92,000 ಕಿಲೋಮೀಟರ್ ಓಡಿದೆ. ಮೊದಲಿನಿಂದಲೂ ಅವರೇ ಮಾಲೀಕರು. ಅವರ ಮನೆ ಮಡಿಕೇರಿಯಲ್ಲಿದ್ದು, ವಾರಕ್ಕೊಮ್ಮೆ ಮೈಸೂರಿಗೆ ಹೋಗಿಬರುತ್ತಿದ್ದರು. ಉಳಿದ ದಿನ ಗಾಡಿ ತೋಟದ ಕೆಲಸಕ್ಕೆ ಓಡುತ್ತಿತ್ತು. ಮೈಸೂರಿನ ವ್ಯಾಪಾರಿಯೊಬ್ಬರ ಬಳಿ ಇದೇ ವರ್ಷದ, ಇದೇ ಮಾದರಿಯ, 88,000 ಕಿಲೋಮೀಟರ್ ಓಡಿದ ಗಾಡಿ 8.40 ಲಕ್ಷಕ್ಕೆ ಇದೆ. ಮೀಟರ್ ಕಡಿಮೆ ಇರುವುದನ್ನೇ ಕೊಳ್ಳಬೇಕೆಂದು ಮನೆಯವರ ಒತ್ತಾಯ, ದೆಹಲಿಯಿಂದ ತರಿಸಿದರೆ ಇನ್ನೂ ಅಗ್ಗವೆಂದು ಸ್ನೇಹಿತರ ಸಲಹೆ. ನ್ಯಾಯವಾದ ಬೆಲೆಯನ್ನು ನಿರ್ಧರಿಸುವುದು ಹೇಗೆ?

ಉತ್ತರ: ನೀವು ಕೊಟ್ಟಿರುವ ವಿವರಗಳಲ್ಲಿ ಅತ್ಯಂತ ಬೆಲೆಬಾಳುವುದು 1,92,000 ಎಂಬ ಅಂಕಿಯಲ್ಲ, ವಾರಕ್ಕೊಮ್ಮೆ ಮೈಸೂರು ಎಂಬ ಮಾತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಎಂದು ಹಿಡಿದರೆ ಹೋಗಿಬರಲು 240, ವರ್ಷಕ್ಕೆ ಸುಮಾರು 12,500 ಕಿಲೋಮೀಟರ್ ಆಗುತ್ತದೆ. ಹತ್ತು ವರ್ಷಕ್ಕೆ ಅದು 1,25,000. ಅಂದರೆ ಈ ಗಾಡಿಯ ಓಟದ ಮೂರನೇ ಎರಡು ಪಾಲು ಹೆದ್ದಾರಿಯಲ್ಲಿ, ಒಂದೇ ಹದದ ವೇಗದಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಸ್ಥಿತಿಯಲ್ಲಿ ಆಗಿದೆ. ಡೀಸೆಲ್ ಇಂಜಿನ್‌ಗೆ ಇದಕ್ಕಿಂತ ಹಿತವಾದ ಕೆಲಸ ಬೇರೆಯಿಲ್ಲ. ನಿಮ್ಮನ್ನು ಕಾಡಬೇಕಾದದ್ದು ಉಳಿದ 67,000 ಕಿಲೋಮೀಟರ್. ತೋಟದ ದಾರಿಯಲ್ಲಿ ಮೊದಲ ಮತ್ತು ಎರಡನೇ ಗೇರಿನಲ್ಲಿ ತಿಣುಕಿದ ಒಂದು ಕಿಲೋಮೀಟರ್, ಕ್ಲಚ್ಚು, ಬುಷ್ಷು, ಬೇರಿಂಗುಗಳ ಪಾಲಿಗೆ ಹೆದ್ದಾರಿಯ ಹಲವಾರು ಕಿಲೋಮೀಟರುಗಳಿಗೆ ಸಮ. ಆದ್ದರಿಂದ ಈ ಗಾಡಿಯಲ್ಲಿ ಇಂಜಿನ್‌ಗಿಂತ ಅದರ ಕೆಳಗಿರುವ ಭಾಗಗಳನ್ನೇ ಹೆಚ್ಚು ಅನುಮಾನಿಸಬೇಕು.

ಇಂಜಿನ್ ಬಗ್ಗೆ ಮೊದಲು ಹೇಳಿ ಮುಗಿಸುತ್ತೇನೆ. ಈ ಮಾದರಿಯ 2.2 ಲೀಟರ್ ಎಂಹಾಕ್ ಇಂಜಿನ್‌ನಲ್ಲಿ ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಡಸ್ಟರ್ ಡೀಸೆಲ್ ಅಥವಾ ಹಳೆಯ 2.5 ಲೀಟರ್ ಇನ್ನೋವಾ ಕೊಳ್ಳುವವರು ಬೆಲ್ಟನ್ನು ಕೊನೆಯ ಬಾರಿ ಯಾವಾಗ ಬದಲಿಸಿದರೆಂದು ಕೇಳಲೇಬೇಕು. ನಿಮಗೆ ಆ ಖರ್ಚಿಲ್ಲ, ಆದರೆ ಸ್ಟಾರ್ಟ್ ಮಾಡಿದ ಕೂಡಲೇ ಚೈನಿನ ಕರಕರ ಶಬ್ದ ಕೇಳಿಸುವುದೇ ಎಂದು ಗಮನಿಸಬೇಕು. ಗಾಡಿಯನ್ನು ಬೆಳಿಗ್ಗೆ ಏಳು ಗಂಟೆಗೆ ನೋಡಲು ಬರುತ್ತೇನೆಂದು ತಿಳಿಸಿ, ಅದನ್ನು ಮೊದಲೇ ಸ್ಟಾರ್ಟ್ ಮಾಡಬಾರದೆಂದು ಕೇಳಿಕೊಳ್ಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ; ಬೆಚ್ಚಗಿದ್ದರೆ ಆ ದಿನ ಕಾಫಿ ಕುಡಿದು ಮಾತಾಡಿಸಿ ಬಂದು ಇನ್ನೊಂದು ದಿನ ಹೋಗಿ. ಮಡಿಕೇರಿಯ ಚಳಿಯಲ್ಲಿ ಮೊದಲ ಪ್ರಯತ್ನಕ್ಕೇ ಎದ್ದುನಿಲ್ಲುವ ಡೀಸೆಲ್ ಇಂಜಿನ್ ತನ್ನ ಆರೋಗ್ಯವನ್ನು ಅರ್ಧದಷ್ಟು ಹೇಳಿಬಿಟ್ಟಂತೆ. ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿದಾಗ ಒಳಗಿನಿಂದ ಹೊಗೆ ಬುಸುಗುಟ್ಟಿ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ಎಳೆದಾಗ ದಟ್ಟ ಕಪ್ಪು ಹೊಗೆಯಾದರೆ ಇಂಜೆಕ್ಟರ್ ಅಥವಾ ಟರ್ಬೋ ಕಡೆ ನೋಡಬೇಕು. ಇವುಗಳಲ್ಲಿ ಮೊದಲ ಎರಡು ಕಂಡರೆ ಬೆಲೆಯ ಚರ್ಚೆಯೇ ಬೇಡ.

ಇನ್ನು ಕೆಳಭಾಗ. ಸ್ಕಾರ್ಪಿಯೋ ಚಾಸಿಯ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿನ, ಮೇಲೆ ಬಾಡಿ ಕೂರಿಸಿದ ಗಾಡಿ. ಬಾಡಿಯ ತುಕ್ಕನ್ನು ತಿದ್ದಬಹುದು, ಚಾಸಿಯ ತುಕ್ಕಿಗೆ ಮದ್ದು ಕಡಿಮೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ವಾರಗಟ್ಟಲೆ ಒಣಗದೆ ನಿಲ್ಲುವ ಕೆಸರು, ಚಾಸಿಯ ಸಂದುಗಳಲ್ಲಿ ಕೊಳೆಯುವ ಎಲೆಗೊಬ್ಬರ, ಇವೆರಡೂ ಕೊಡಗಿನ ಗಾಡಿಗಳ ಹಳೆಯ ಶತ್ರುಗಳು. ಆದರೆ ಬಯಲುಸೀಮೆಯ ಮೆಕ್ಯಾನಿಕ್ ನೋಡಲು ಮರೆಯುವ ಇನ್ನೊಂದು ಜಾಗವಿದೆ, ಅದು ಡಿಕ್ಕಿಯ ನೆಲ. ತೋಟದ ಗಾಡಿಯಲ್ಲಿ ಪೊಟ್ಯಾಷ್ ಚೀಲ ಹೋಗಿರುತ್ತದೆ, ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತ ಹೋಗಿರುತ್ತದೆ. ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಚೆಲ್ಲಿದ ಹರಳು ನಮ್ಮ ತೇವದ ಗಾಳಿಯಲ್ಲಿ ಕರಗಿ ಕಬ್ಬಿಣವನ್ನು ಉಪ್ಪುನೀರಿನಂತೆಯೇ ತಿನ್ನುತ್ತದೆ, ಮೈಲುತುತ್ತದ ನೀರಂತೂ ಕಬ್ಬಿಣವನ್ನು ನೇರವಾಗಿಯೇ ಕೊರೆಯುತ್ತದೆ. ನಾನು ಬಹಳ ಹಿಂದೆ ಕೊಂಡ ಜೀಪೊಂದರಲ್ಲಿ ಹೊಸ ಮ್ಯಾಟ್ ಹಾಸಿದ್ದನ್ನು ನೋಡಿ ಮಾಲೀಕರ ಶುಚಿತ್ವವನ್ನು ಮೆಚ್ಚಿಕೊಂಡಿದ್ದೆ. ಮನೆಗೆ ತಂದು ಮ್ಯಾಟ್ ಎತ್ತಿದಾಗ ಕೆಳಗಿನ ನೆಲ ಕಾಣಿಸಿತು, ನೆಲವೆಂದರೆ ನಮ್ಮ ಅಂಗಳದ ನೆಲ. ಆದ್ದರಿಂದ ಮ್ಯಾಟ್ ಎತ್ತಿಸಿ, ಸ್ಕ್ರೂಡ್ರೈವರ್‌ನ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ಟೊಳ್ಳಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಕೆಳಭಾಗಕ್ಕೆ ಹೊಚ್ಚ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅದನ್ನು ಗುಣವೆಂದು ಎಣಿಸದೆ ಪ್ರಶ್ನೆಯೆಂದು ಎಣಿಸಿ.

ಫೋರ್ ವೀಲ್ ಡ್ರೈವ್‌ಗಾಗಿಯೇ ನೀವು ಹೆಚ್ಚು ಹಣ ಕೊಡುತ್ತಿರುವುದರಿಂದ ಅದನ್ನು ನಿಮ್ಮ ಮಣ್ಣಿನ ಏರಿನಲ್ಲೇ ಪರೀಕ್ಷಿಸಿ. ಒಣ ಡಾಂಬರಿನ ಮೇಲೆ ಅದನ್ನು ಹಾಕಿ ತಿರುವುಗಳಲ್ಲಿ ಓಡಿಸುವುದು ಗಾಡಿಗೂ ಒಳ್ಳೆಯದಲ್ಲ. ಅದರ ಹೈ ಮತ್ತು ಲೋ ಎಂಬ ಎರಡೂ ಹಂತಗಳು ತಡವಿಲ್ಲದೆ ಕೂರಬೇಕು, ಮತ್ತೆ ಬಿಡಿಸಿಕೊಳ್ಳಬೇಕು. ತೊರೆ ದಾಟಿದ ಗಾಡಿಗಳಲ್ಲಿ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರುಗಳ ಪೆಟ್ಟಿಗೆ) ಒಳಗೆ ನೀರು ಸೇರುವುದುಂಟು. ಪ್ಲಗ್ ಬಿಚ್ಚಿಸಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆಯೆಂದೇ ಅರ್ಥ. ಕ್ಲಚ್ಚಿಗೆ ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ರಸ್ತೆಯೇ ಸಾಕು: ಏರಿನಲ್ಲಿ ಮೇಲಿನ ಗೇರಿನಲ್ಲಿದ್ದುಕೊಂಡು ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಹಿಂತಿರುಗುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಸ್ಟಿಯರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. 2018 ಮತ್ತು 2019ರ ಆಗಸ್ಟ್ ಪ್ರವಾಹಗಳ ಕಾಲದಲ್ಲೂ ಈ ಗಾಡಿ ಕೊಡಗಿನಲ್ಲೇ ಇದ್ದದ್ದರಿಂದ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಅದರ ಬುಡದಲ್ಲಿ ಕೆಸರಿನ ಗೆರೆಯಿದೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಇದೇ ವರ್ಷದ, ಇದೇ ಫೋರ್ ವೀಲ್ ಡ್ರೈವ್ ಮಾದರಿಯ ಐದಾರು ಗಾಡಿಗಳಿಗೆ ಮೈಸೂರು, ಹಾಸನ, ಮಂಗಳೂರು ಮತ್ತು ಕೊಡಗಿನಲ್ಲಿ ಕೇಳುತ್ತಿರುವ ಬೆಲೆಯನ್ನು ಬರೆದಿಟ್ಟುಕೊಂಡು, ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಕೇಳುವ ಬೆಲೆ ಬೇರೆ, ಮಾರಾಟವಾಗುವ ಬೆಲೆ ಬೇರೆ. ಅದಕ್ಕಾಗಿ ನಾನು ನೂರಕ್ಕೆ ಆರರಷ್ಟು ಕಳೆಯುತ್ತೇನೆ. ಹೀಗೆ ಬಂದ ಮೊತ್ತ 7.40 ಲಕ್ಷ ಎಂದುಕೊಳ್ಳೋಣ. ಇದು ಸಾಧಾರಣವಾಗಿ ಓಡಿದ, ಸಾಧಾರಣ ಸ್ಥಿತಿಯ ಗಾಡಿಯ ಬೆಲೆ. ಅಲ್ಲಿಂದ ಕಿಲೋಮೀಟರಿಗೆ ಇಷ್ಟು ಎಂದು ಕಳೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮುಂದಿನ 20,000 ಕಿಲೋಮೀಟರಿನೊಳಗೆ ಈ ಗಾಡಿ ಬೇಡುವ ಕೆಲಸಗಳ ಪಟ್ಟಿಯನ್ನು ನಿಮ್ಮ ಗ್ಯಾರೇಜಿನಲ್ಲಿ ಬರೆಸಿ, ಅದನ್ನು ಕಳೆಯಬೇಕು.

ಮಾದರಿಗಾಗಿ ಕೆಲವು ಮೊತ್ತಗಳನ್ನು ಹಿಡಿಯುತ್ತೇನೆ, ನಿಮ್ಮ ಮೆಕ್ಯಾನಿಕ್ ಹೇಳುವ ಮೊತ್ತವನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಿ. ಐದು ಟಯರಿಗೆ 45,000, ಬ್ಯಾಟರಿಗೆ 8,000, ಷಾಕ್ ಅಬ್ಸಾರ್ಬರ್ ಮತ್ತು ಬುಷ್ಷುಗಳಿಗೆ 30,000 ಎಂದಿರಲಿ, ಒಟ್ಟು 83,000. ಆದರೆ ಯಾವ ಹಳೆಯ ಗಾಡಿಯಲ್ಲೂ ಇವು ಹೊಸದಾಗಿರುವುದಿಲ್ಲ, ಸರಾಸರಿ ಬೆಲೆಯಲ್ಲೇ ಅರ್ಧ ಸವೆತ ಸೇರಿರುತ್ತದೆ. ಆದ್ದರಿಂದ ಅರ್ಧ, ಅಂದರೆ 41,500 ಮಾತ್ರ ಕಳೆಯುವುದು ನ್ಯಾಯ. ಟಯರಿನ ಪಕ್ಕದಲ್ಲಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದಿಕೊಳ್ಳಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು, ಗಾಡಿ ಎಷ್ಟೇ ಚಂದ ಕಂಡರೂ ಅದನ್ನು ಬದಲಿಸುವ ಕಾಲ ಬಂದಿದೆ. ಕ್ಲಚ್ 22,000, ಕೆಳಭಾಗದ ತುಕ್ಕಿನ ಕೆಲಸ 15,000, ಎಲ್ಲ ಆಯಿಲ್‌ಗಳು, ಹೋಸು, ಫಿಲ್ಟರುಗಳಿಗೆ 12,000. ಈ 49,000 ಈ ಗಾಡಿಯ ಸ್ವಂತ ಸಾಲ, ಪೂರ್ತಿ ಕಳೆಯಿರಿ. ಟರ್ಬೋ, ಇಂಜೆಕ್ಟರ್ ಮುಂತಾದವು ಈಗ ಸರಿಯಿದ್ದರೂ ಎರಡು ಲಕ್ಷ ಕಿಲೋಮೀಟರಿನ ಆಚೆ ಯಾವಾಗ ಕೈಕೊಡುತ್ತವೆಂದು ಹೇಳಲಾಗದು. ಆ ಅಪಾಯಕ್ಕೆ 25,000 ಇಡಿ. ಒಟ್ಟು 1,15,500. ಏಳು ಲಕ್ಷ ನಲವತ್ತು ಸಾವಿರದಲ್ಲಿ ಇದನ್ನು ಕಳೆದರೆ 6,24,500 ಉಳಿಯುತ್ತದೆ. ಹತ್ತು ವರ್ಷದ ಸರ್ವಿಸ್ ಬಿಲ್ಲುಗಳನ್ನು ಜೋಡಿಸಿಟ್ಟಿರುವ ಒಬ್ಬರೇ ಮಾಲೀಕರಾದರೆ ಅದಕ್ಕೆ 15,000 ಸೇರಿಸಲು ನನ್ನ ಅಭ್ಯಂತರವಿಲ್ಲ. ಹೀಗಾಗಿ ಈ ಮಾದರಿ ಲೆಕ್ಕದಲ್ಲಿ 6.25 ಲಕ್ಷದಿಂದ 6.40 ಲಕ್ಷ ನ್ಯಾಯವಾದ ಬೆಲೆ; ಮಾತನ್ನು 5.90ರಿಂದ ಆರಂಭಿಸಿ, 6.50 ದಾಟಿದರೆ ಎದ್ದುಬನ್ನಿ. ಅವರು ಕೇಳುತ್ತಿರುವ 7.25 ಲಕ್ಷ ಸುಮಾರು ಒಂದು ಲಕ್ಷದಷ್ಟು ಹೆಚ್ಚು. ಕಾಫಿ ಮಾರಿದ ಹಣ ಕೈಗೆ ಬರುವ ತಿಂಗಳುಗಳಲ್ಲಿ ನಮ್ಮಲ್ಲಿ ಇಂಥ ಗಾಡಿಗಳಿಗೆ ಗಿರಾಕಿಗಳು ಏಳುವುದರಿಂದ, ಅವಸರವಿಲ್ಲದಿದ್ದರೆ ಆ ಕಾಲ ಕಳೆಯಲು ಬಿಡುವುದೂ ಒಳ್ಳೆಯದು.

ಮೈಸೂರಿನ ಗಾಡಿಯ 88,000 ನಿಜವೇ ಆಗಿರಬಹುದು. ಆದರೆ ವರ್ಷಕ್ಕೆ ಒಂಬತ್ತು ಸಾವಿರ ಕಿಲೋಮೀಟರ್ ಕೂಡ ಓಡದವರು ಡೀಸೆಲ್ ಫೋರ್ ವೀಲ್ ಡ್ರೈವ್ ಏಕೆ ಕೊಂಡರೆಂಬ ಪ್ರಶ್ನೆಗೆ ನಂಬುವಂಥ ಉತ್ತರ ಸಿಗಬೇಕು. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಗಾಡಿಯ ನೋಂದಣಿ ಸಂಖ್ಯೆಯ ಮೇಲೆ ಪ್ರತಿ ಭೇಟಿಯ ಕಿಲೋಮೀಟರ್ ದಾಖಲಾಗಿರುತ್ತದೆ; ಮಾಲೀಕರ ಒಪ್ಪಿಗೆಯೊಂದಿಗೆ ಅದನ್ನು ತೆಗೆಸಿ. ಕ್ಲಚ್ ಪೆಡಲಿನ ರಬ್ಬರು ನುಣ್ಣಗಾಗಿ, ಸ್ಟಿಯರಿಂಗ್ ಹೊಳೆಯುತ್ತಿದ್ದು, ಚಾಲಕರ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ 88,000 ಎಂಬ ಅಂಕಿಯನ್ನು ನಾನು ನಂಬುವುದಿಲ್ಲ. ದಾಖಲೆ ಸರಿಯಿದ್ದರೂ ಮೇಲಿನದೇ ಲೆಕ್ಕವನ್ನು ಅದಕ್ಕೂ ಮಾಡಿ. ಅವರು ಕೇಳುವ 8.40 ಲಕ್ಷಕ್ಕೂ ನಮ್ಮ ಲೆಕ್ಕದ 6.40 ಲಕ್ಷಕ್ಕೂ ನಡುವಿನ ಎರಡು ಲಕ್ಷದ ಅಂತರ ಸಮರ್ಥನೀಯವೆಂದು ನನಗೆ ಅನ್ನಿಸುವುದಿಲ್ಲ.

ದೆಹಲಿಯ ಸಲಹೆಯನ್ನು ಬಿಡಿ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ಅಲ್ಲಿ ಬಿದ್ದ ನಿರ್ಬಂಧದಿಂದ ಬೆಲೆ ಇಳಿದದ್ದು ನಿಜ. ಆದರೆ ನಿರಾಕ್ಷೇಪಣಾ ಪತ್ರ, ಸಾಗಣೆ, ಕರ್ನಾಟಕದಲ್ಲಿ ಮತ್ತೆ ಕಟ್ಟಬೇಕಾದ ಜೀವಿತಾವಧಿ ತೆರಿಗೆ, ಮರುನೋಂದಣಿಯ ಓಡಾಟ ಇವೆಲ್ಲ ಸೇರಿದರೆ ಆ ಅಗ್ಗ ಉಳಿಯುವುದಿಲ್ಲ. ಮೇಲಾಗಿ ನೀವು ನೋಡದ ಗಾಡಿಗೆ ಬೆಲೆ ಕಟ್ಟುವುದು ಹೇಗೆ?

ಕಾಗದಪತ್ರಗಳಿಗೂ ಬೆಲೆಯಿದೆ. 2016ರ ನೋಂದಣಿಯಾದ್ದರಿಂದ ಆರ್‌ಸಿ 2031ರವರೆಗೆ ನಡೆಯುತ್ತದೆ. ಆಮೇಲೆ ಅರ್ಹತಾ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎರಡೂವರೆ ಲಕ್ಷ ಕಿಲೋಮೀಟರ್ ದಾಟಿದ ಗಾಡಿಯನ್ನು ಮಾರುವುದು ಕಷ್ಟವಾದ್ದರಿಂದ, ಅಲ್ಲಿಯವರೆಗೆ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ ಕೊಳ್ಳಿ. ಪರಿಹಾರ ಕೇಳದ ವರ್ಷಗಳಿಗಾಗಿ ಮಾಲೀಕರು ವಿಮೆಯಲ್ಲಿ ಗಳಿಸಿದ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, ಅವರಿಗೇ ಸೇರಿದ್ದು, ನಿಮಗೆ ಬರುವುದಿಲ್ಲ. ವಿಮೆಯ ಖರ್ಚನ್ನು ಅದಿಲ್ಲದೆ ಅಂದಾಜು ಮಾಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ, ಸಾಲ ತೀರಿದೆಯೆಂಬ ಬಾಯಿಮಾತು ಸಾಲದು, ನಮೂನೆ 35 ಸಲ್ಲಿಸಿ ಅದನ್ನು ತೆಗೆಸಿರಬೇಕು.

ಪರಿಚಯದವರೊಂದಿಗೆ ಚೌಕಾಸಿ ಮಾಡಲು ಮುಜುಗರವಾಗುವುದು ಸಹಜ. ನಾಳೆ ಮದುವೆಮನೆಯಲ್ಲಿ ಅವರ ಪಕ್ಕದಲ್ಲೇ ಊಟಕ್ಕೆ ಕೂರಬೇಕಾಗುತ್ತದೆ. ಅದಕ್ಕೇ ಗ್ಯಾರೇಜಿನವರು ಬರೆದುಕೊಟ್ಟ ಚೀಟಿಯನ್ನು ಅವರ ಮುಂದಿಟ್ಟು, ಈ ಕೆಲಸಗಳನ್ನು ನೀವೇ ಮಾಡಿಸಿಕೊಟ್ಟರೆ ನಿಮ್ಮ ಬೆಲೆಗೆ ಹತ್ತಿರ ಬರುತ್ತೇನೆ, ಇಲ್ಲದಿದ್ದರೆ ಇಷ್ಟು ಎಂದು ಹೇಳಿಬಿಡಿ. ಒಪ್ಪಿದ ಮೇಲೆ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಅವರ ಸಹಿ ಪಡೆದು ಹದಿನಾಲ್ಕು ದಿನದೊಳಗೆ ಮಡಿಕೇರಿ ಆರ್‌ಟಿಒ ಕಚೇರಿಗೆ ಸಲ್ಲಿಸಿ. ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದರಿಂದ ಹೆಸರು ಬದಲಾವಣೆಯ ಅವಸರ ಅವರಿಗೇ ನಿಮಗಿಂತ ಹೆಚ್ಚಿರಬೇಕು. ಇಪ್ಪತ್ತೈದು ಸಾವಿರ ರೂಪಾಯಿಯನ್ನು, ಮೊದಲೇ ತಿಳಿಸಿ, ಹೊಸ ಆರ್‌ಸಿ ಕೈಗೆ ಬರುವವರೆಗೆ ಉಳಿಸಿಕೊಳ್ಳಿ.