ಪೋರ್ಟ್ ತೆರೆದರೂ ಸರ್ವರ್ ಹೊರಗೆ ಸಿಗುತ್ತಿಲ್ಲ, ರೂಟರ್ ಬದಲಿಸಬೇಕಾ?

ಪ್ರಶ್ನೆ: ಸರ್, ಗಂಗಾವತಿಯಲ್ಲಿ ನಮ್ಮದು ಸಣ್ಣ ಅಕ್ಕಿ ವ್ಯಾಪಾರ. ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ ಸರ್ವರ್ ಮಾಡಿಕೊಂಡು, ಸ್ಟಾಕ್ ಮತ್ತು ಬಾಕಿ ಲೆಕ್ಕವನ್ನು ಅದರಲ್ಲೇ ಇಟ್ಟಿದ್ದೇವೆ. ಮನೆಯ ವೈಫೈನಲ್ಲಿ ಮೊಬೈಲ್‌ನಿಂದ ಚೆನ್ನಾಗಿ ತೆರೆದುಕೊಳ್ಳುತ್ತದೆ. ಬಳ್ಳಾರಿ ಅಂಗಡಿಯಲ್ಲಿರುವ ತಮ್ಮನಿಗೆ ಮಾತ್ರ ಬರುವುದಿಲ್ಲ. ವಿಡಿಯೊ ನೋಡಿಕೊಂಡು ರೂಟರ್‌ನಲ್ಲಿ 8080 ಪೋರ್ಟ್ ಫಾರ್ವರ್ಡ್ ಮಾಡಿದೆ, ರೀಸೆಟ್ ಕೂಡ ಮಾಡಿ ನೋಡಿದೆ. ಮಧ್ಯಾಹ್ನದ ಹೊತ್ತು ನೆಟ್ ಹೋಗಿ ಬರುವುದೂ ಇದೆ. ದೊಡ್ಡ ರೂಟರ್ ತಗೋಬೇಕಾ?

ಉತ್ತರ: ಸದ್ಯಕ್ಕೆ ದುಡ್ಡು ಜೇಬಿನಲ್ಲೇ ಇರಲಿ. ಮನೆಯೊಳಗೆ ಸರ್ವರ್ ತೆರೆಯುತ್ತಿದೆ, ನೆಟ್ಟೂ ಓಡುತ್ತಿದೆ ಅಂದಮೇಲೆ ಈ ತೊಂದರೆಗೆ ರೂಟರ್ ಕಾರಣ ಇರಲಾರದು. ಪೋರ್ಟ್ ಫಾರ್ವರ್ಡ್ ಅಂದರೆ ಹೊರಗಿನಿಂದ ಬಂದವರನ್ನು ಸರ್ವರ್ ಕಡೆಗೆ ಕಳಿಸು ಅಂತ ರೂಟರ್‌ಗೆ ಹೇಳಿಡುವುದು. ಆದರೆ ಹೊರಗಿನಿಂದ ಒಳಗೆ ಬರುವ ದಾರಿಯೇ ಎಲ್ಲೋ ಕಟ್ಟಿದೆ.

ಮೊದಲು ಒಂದು ಕೆಲಸ ಮಾಡಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಡೆಗೆ ರೂಟರ್‌ಗೆ ಸಿಕ್ಕ ವಿಳಾಸ) ಅಂತ ಒಂದು ನಂಬರ್ ಇರುತ್ತದೆ, ಬರೆದುಕೊಳ್ಳಿ. ಆಮೇಲೆ ಅದೇ ವೈಫೈನಲ್ಲಿ, ನಿಮ್ಮ ಐಪಿ ತೋರಿಸುವ ಯಾವುದಾದರೂ ವೆಬ್‌ಸೈಟ್ ತೆರೆದು ಅಲ್ಲಿನ ನಂಬರಿಗೆ ಹೋಲಿಸಿ. ಎರಡೂ ಬೇರೆ ಬೇರೆ ಇದ್ದರೆ, ನೀವು ತೆರೆದ ಪೋರ್ಟಿನವರೆಗೆ ಹೊರಗಿನವರು ಬರಲು ಆಗುತ್ತಲೇ ಇಲ್ಲ.

ವ್ಯಾನ್ ಐಪಿ 192.168 ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ನಿಮ್ಮ ರೂಟರ್ ಮುಂದೆ ಕಂಪನಿಯವರು ಕೂರಿಸಿದ ಫೈಬರ್ ಡಬ್ಬವೂ ಇನ್ನೊಂದು ರೂಟರ್ ಆಗಿ ಕೆಲಸ ಮಾಡುತ್ತಿರುತ್ತದೆ. ಅದನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಲೈನ್ ದಾಟಿಸುವ ಸ್ಥಿತಿಗೆ) ಹಾಕಿಸಿ, ಇಲ್ಲವೇ ಅದರಲ್ಲೂ ಫಾರ್ವರ್ಡ್ ಮಾಡಿ. 100.64 ರಿಂದ 100.127 ರ ಒಳಗಿನ ನಂಬರ್ ಬಂದರೆ ಕಥೆಯೇ ಬೇರೆ. ಅದು ಸಿಜಿನ್ಯಾಟ್, ಅಂದರೆ ಒಂದೇ ಹೊರ ವಿಳಾಸದ ಹಿಂದೆ ಹಲವು ಮನೆಗಳನ್ನು ಕಂಪನಿಯವರೇ ಕೂರಿಸುವ ವ್ಯವಸ್ಥೆ. ಕೆಲವು ಕಂಪನಿಗಳು ಇದಕ್ಕೇ 10 ರಿಂದ ಶುರುವಾಗುವ ನಂಬರನ್ನೂ ಕೊಡುತ್ತವೆ.

ಹಳೆಯ ಮಾದರಿಯ (ಐಪಿವಿ4) ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಏಷ್ಯಾ-ಪೆಸಿಫಿಕ್ ಭಾಗಕ್ಕೆ ಮೀಸಲಾದ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಗಂಟಿಗೆ ಬಂತು. ಹಾಗಾಗಿ ಇಂಟರ್ನೆಟ್ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ. ಒಂದೇ ಬಾಗಿಲು ನಂಬರಿನ ವಠಾರ ಅಂದುಕೊಳ್ಳಿ. ಒಳಗಿನವರು ಕಾಗದ ಬರೆದರೆ ಉತ್ತರ ಸರಿಯಾದ ಮನೆಗೇ ಬರುತ್ತದೆ, ಯಾಕಂದರೆ ಯಾರು ಬರೆದರು ಅಂತ ಬಾಗಿಲಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಿದರೆ ಯಾವ ಮನೆಗೆ ಕಳಿಸುವುದು? ನಿಮ್ಮ ತಮ್ಮನಿಗೆ ಆಗುತ್ತಿರುವುದು ಇದೇ ಇರಬಹುದು. ಸಾವಿರಗಟ್ಟಲೆ ಕೊಟ್ಟು ಹೊಸ ರೂಟರ್ ತಂದರೂ ಇದು ಬದಲಾಗುವುದಿಲ್ಲ, ಜಾಸ್ತಿ ಸ್ಪೀಡಿನ ಪ್ಲ್ಯಾನ್ ಹಾಕಿಸಿದರೂ ಅಷ್ಟೇ.

ದಾರಿಗಳು ಮೂರಿವೆ. ಕಂಪನಿಯವರಿಂದ ಸ್ಟ್ಯಾಟಿಕ್ ಪಬ್ಲಿಕ್ ಐಪಿ (ನಿಮಗೊಬ್ಬರಿಗೇ ಇರುವ, ಬದಲಾಗದ ಹೊರ ವಿಳಾಸ) ಪಡೆಯಬಹುದು, ಅದಕ್ಕೆ ಬೇರೆ ಬಾಡಿಗೆ ಕೇಳುತ್ತಾರೆ. ಹೊಸ ಮಾದರಿಯ ವಿಳಾಸವಾದ ಐಪಿವಿ6 ಇದ್ದರೆ ಅದರ ಮೂಲಕ ನೇರ ಬರಬಹುದು, ಆದರೆ ತಮ್ಮನ ಕಡೆಯ ನೆಟ್‌ನಲ್ಲೂ ಅದು ಇರಬೇಕು, ನಿಮ್ಮ ರೂಟರ್‌ನ ಫೈರ್‌ವಾಲ್‌ನಲ್ಲೂ (ಒಳಬರುವುದನ್ನು ತಡೆಯುವ ಕಾವಲು) ಅನುಮತಿ ಕೊಡಬೇಕು. ಮೂರನೆಯದು ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ. ನಿಮಗೆ ನಾನು ಹೇಳುವುದು ಇದನ್ನೇ. ಅದರ ಆ್ಯಪನ್ನು ಸರ್ವರ್‌ನಲ್ಲೂ ತಮ್ಮನ ಮೊಬೈಲ್‌ನಲ್ಲೂ ಹಾಕಿ, ಒಂದೇ ಖಾತೆಯಲ್ಲಿ ಲಾಗಿನ್ ಆದರೆ ಮುಗಿಯಿತು. ಎರಡೂ ಕಡೆಯಿಂದ ಹೊರಕ್ಕೆ ಹೊರಟ ಸಂಪರ್ಕವೇ ಸೇರಿಕೊಳ್ಳುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ, ಪೋರ್ಟ್ ತೆರೆಯುವ ಗೋಜೂ ಇಲ್ಲ. ಅಲ್ಲಿ ಸಿಗುವ ವಿಳಾಸವೂ 100 ರಿಂದಲೇ ಶುರುವಾಗುತ್ತದೆ, ಅದನ್ನು ನೋಡಿ ಗಾಬರಿ ಬೇಡ.

ಲೆಕ್ಕ ನೋಡುವವರು ನೀವಿಬ್ಬರೇ ಅಲ್ವಾ? ಹಾಗಿದ್ದಮೇಲೆ ಊರಿಗೆಲ್ಲ ಬಾಗಿಲು ತೆರೆದಿಡುವುದು ಯಾಕೆ? ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಇಂಟರ್ನೆಟ್ ಜಾಲಾಡುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ರಾಶಿ ರಾಶಿ ಕ್ಯಾಮೆರಾ, ರೂಟರ್‌ಗಳನ್ನು ವಶ ಮಾಡಿಕೊಂಡದ್ದು ಕಂಪನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಜನ ಬದಲಿಸದೇ ಇದ್ದುದರಿಂದ. ಕೆಲವು ವಿಡಿಯೊಗಳಲ್ಲಿ ಡಿಎಂಝಡ್ ಆನ್ ಮಾಡಿ ಅನ್ನುತ್ತಾರೆ, ಅದು ಆ ಕಂಪ್ಯೂಟರ್‌ನ ಎಲ್ಲ ಪೋರ್ಟ್‌ಗಳನ್ನೂ ಹೊರಗಿನವರಿಗೆ ತೆರೆದಿಡುತ್ತದೆ, ಅದನ್ನಂತೂ ಮುಟ್ಟಲೇಬೇಡಿ.

ವ್ಯಾನ್ ಐಪಿ, ವೆಬ್‌ಸೈಟ್ ತೋರಿಸಿದ ನಂಬರ್ ಎರಡೂ ಒಂದೇ ಇದ್ದರೆ? ಆಗ ತಪ್ಪು ಮನೆಯೊಳಗೇ ಇರುವ ಸಾಧ್ಯತೆ ಹೆಚ್ಚು. ಕರೆಂಟ್ ಹೋಗಿ ಬಂದಾಗ ಸರ್ವರ್‌ನ ಒಳ ವಿಳಾಸ ಬದಲಾಗಿರಬಹುದು, ಫಾರ್ವರ್ಡ್ ಇನ್ನೂ ಹಳೆಯದಕ್ಕೇ ಹೋಗುತ್ತಿರುತ್ತದೆ. ರೂಟರ್‌ನಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ಈ ಕಂಪ್ಯೂಟರ್‌ಗೆ ಯಾವಾಗಲೂ ಇದೇ ವಿಳಾಸ ಎಂಬ ಸೆಟ್ಟಿಂಗ್) ಹಾಕಿದರೆ ಒಳ ವಿಳಾಸ ಕದಲುವುದಿಲ್ಲ. ಲಿನಕ್ಸ್‌ನ ಫೈರ್‌ವಾಲ್ ಕೂಡ ನೋಡಿ. ಪರೀಕ್ಷೆ ಮಾಡುವಾಗ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಮಾಡಿ. ಒಳಗೆ ಕೂತು ಹೊರಗಿನ ವಿಳಾಸ ತೆರೆಯಲು ಕೆಲವು ರೂಟರ್‌ಗಳು ಬಿಡುವುದೇ ಇಲ್ಲ. ಹಾಂ, ಪಿನ್ ಚುಚ್ಚಿ ರೀಸೆಟ್ ಮಾಡಿದ್ದರೆ ನೀವು ಹಾಕಿದ ಫಾರ್ವರ್ಡ್ ಕೂಡ ಅಳಿಸಿಹೋಗಿರುತ್ತದೆ. ಸುಮ್ನೆ ಸ್ವಿಚ್ ಆಫ್ ಮಾಡಿ ಆನ್ ಮಾಡುವುದೇ ಬೇರೆ, ರೀಸೆಟ್ಟೇ ಬೇರೆ.

ಇನ್ನು ಮಧ್ಯಾಹ್ನದ ತೊಂದರೆ. ನೆಟ್ ಹೋದಾಗ ಫೈಬರ್ ಡಬ್ಬದ ಎಲ್‌ಒಎಸ್ ದೀಪ ಕೆಂಪಾದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಲೈನ್‌ಮನ್‌ಗೆ ಫೋನ್ ಮಾಡಿ. ದೀಪಗಳೆಲ್ಲ ಆರಿ ಮತ್ತೆ ಹತ್ತಿದರೆ ಕರೆಂಟ್, ಅಡಾಪ್ಟರ್ ಇಲ್ಲವೇ ಬಿಸಿ ಕಾರಣ. ನಮ್ಮ ಕಡೆಯ ಬೇಸಿಗೆಯಲ್ಲಿ ರೂಟರನ್ನು ಟಿವಿ ಹಿಂದೆ, ಮುಚ್ಚಿದ ಕಪಾಟಿನಲ್ಲಿ ಇಡಬೇಡಿ. ಸಣ್ಣ ಡಿಸಿ ಯುಪಿಎಸ್ ತರುವ ಮೊದಲು ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯಾ 9 ವೋಲ್ಟ್ ಇದೆಯಾ ಓದಿಕೊಳ್ಳಿ. ಸರ್ವರ್‌ನ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ ಪುಟ) ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಸಾಮಾನ್ಯವಾಗಿ ಇರುತ್ತದೆ, ಅದನ್ನೂ ಹಾಕಿಬಿಡಿ. ಇಲ್ಲವಾದರೆ ಮನೆಯಲ್ಲಿ ಯಾರೂ ಇಲ್ಲದ ದಿನ ತಮ್ಮನ ಫೋನ್ ನಿಮಗೇ ಬರುತ್ತದೆ.