ಕೊಂಬೆ ಸೀಳುವುದು ಸಂದಿನಲ್ಲಿ

“ಮಕ್ಕಳು ಹಗಲೆಲ್ಲ ಮರದ ಮೇಲೆಯೇ ಇರುತ್ತಾರೆ. ಎಷ್ಟು ದಪ್ಪದ ಕೊಂಬೆಯಾದರೆ ಭಯವಿಲ್ಲ? ಒಂದು ಅಳತೆ ಹೇಳಿ. ಇಲ್ಲವಾದರೆ ಕೆಳಗಿನ ಕೊಂಬೆಗಳನ್ನೆಲ್ಲ ಕಡಿಸಿಬಿಡುತ್ತೇನೆ” ಎಂದು ಓದುಗರೊಬ್ಬರು ಬರೆದಿದ್ದಾರೆ.

ಮಾನ್ಯರೇ, ಕೊಡಲಿ ಸ್ವಲ್ಪ ಕೆಳಗಿಡಿ. ಅಳತೆ ಕೇಳಿದ್ದು ತಪ್ಪಲ್ಲ. ಉರುಟು ತೊಲೆಯ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆಂದು ಗೆಲಿಲಿಯೊ 1638ರಲ್ಲೇ ಹೇಳಿಟ್ಟಿದ್ದಾನೆ. 10 ಸೆಂ.ಮೀ. ಕೊಂಬೆಗೆ ಹೋಲಿಸಿದರೆ 8 ಸೆಂ.ಮೀ.ನದಕ್ಕೆ ಹೆಚ್ಚುಕಡಿಮೆ ಅರ್ಧ ಬಲ. ಕಣ್ಣಿಗೆ ಎರಡೂ ಒಂದೇ. ಕಾಂಡದಿಂದ 1 ಮೀಟರ್ ಆಚೆ ನಿಂತರೆ, 20 ಸೆಂ.ಮೀ. ದೂರದಲ್ಲಿ ನಿಂತಾಗಿನ ಐದು ಪಟ್ಟು ಜಗ್ಗು ಬುಡಕ್ಕೆ ಬೀಳುತ್ತದೆ. ಪಾದ ಕಾಂಡಕ್ಕೆ ಒತ್ತಿಕೊಂಡೇ ಇರಲಿ. ಅಳತೆಯ ಪುರಾಣ ಇಷ್ಟೇ.

ಇನ್ನು ಸಂದು. ಕೊಂಬೆ ಕಾಂಡವನ್ನು ಕೂಡುವ ಮೇಲ್ಭಾಗದಲ್ಲಿ ತೊಗಟೆ ಏಣಿನಂತೆ ಹೊರಕ್ಕೆ ಉಬ್ಬಿದ್ದರೆ, ಒಳಗೆ ಎರಡರ ನಾರೂ ಹೆಣೆದುಕೊಂಡಿದೆ. ತೊಗಟೆ ಒಳಕ್ಕೆ ಮಡಚಿ, ತೆರೆದ ಪುಸ್ತಕದ ನಡುಗೆರೆಯಂತೆ ಕಂಡರೆ ಅಲ್ಲಿ ಎರಡು ತೊಗಟೆ ಒತ್ತಿಕೊಂಡು ನಿಂತಿವೆ, ಅಂಟಿಲ್ಲ. ಒಂದೇ ದಪ್ಪಕ್ಕೆ ಇಕ್ಕಟ್ಟಾಗಿ ಏರಿದ ಜೋಡಿಕೊಂಬೆಗಳಲ್ಲಿ ಇದು ಹೆಚ್ಚು. ನಿಮ್ಮ ಅಳತೆಪಟ್ಟಿ ನೂರಕ್ಕೆ ನೂರು ಕೊಡುವುದು ಇಂಥವಕ್ಕೇ!

ಸುತ್ತಲೆಲ್ಲ ಎಲೆಯಿರುವಾಗ ತಾನೊಂದೇ ಬೋಳಾದ, ತೊಗಟೆ ಚಕ್ಕೆಚಕ್ಕೆಯಾಗಿ ಏಳುವ ಕೊಂಬೆ ಸತ್ತದ್ದು. ಅನುಮಾನವಿದ್ದರೆ ಕಿರುರೆಂಬೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರು ತೇವ ಕಂಡರೆ ಜೀವವಿದೆ. ಅಣಬೆ ಎದ್ದಿದ್ದರೆ ಚರ್ಚೆಯೇ ಬೇಡ, ಒಳಗೆ ಕೊಳೆ ಹಬ್ಬಿದೆ. ಹಸಿ ಹುಣಸೆಕೊಂಬೆ ಬಾಗಿ ಎಚ್ಚರಿಸೀತು. ನುಗ್ಗೆ ಹಸಿಯಿದ್ದಾಗಲೂ ಪಟ್ಟನೆ ಕೈಕೊಡುತ್ತದೆ.

ಹತ್ತುವಾಗ ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಭದ್ರವಾಗಿರಲಿ, ಮೂರೂ ಒಂದೇ ಕೊಂಬೆಯ ಮೇಲೆ ಬೇಡ. ನಾಲ್ಕನೆಯದು ಹೊಸ ಕೊಂಬೆಯನ್ನು ಮೊದಲು ಮೆಲ್ಲಗೆ, ಆಮೇಲೆ ಭಾರ ಹಾಕಿ ಒತ್ತಲಿ. ಲಟಕ್ ಎಂದರೆ, ಸಂದಿನ ಗೆರೆ ಬಾಯಿಬಿಟ್ಟರೆ, ಇಳಿಯಬೇಕು. ಮಳೆ ಬಿದ್ದ ದಿನ ಹತ್ತುವುದೇ ಬೇಡ.

ಕಡಿಸುತ್ತೇನೆ ಎಂದಿರಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಕೆಳಗಿನ ಕೊಂಬೆ ಹೋದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಕಾಂಡ ತಬ್ಬಿಕೊಂಡು ಮೇಲಿನ ತೆಳುಕೊಂಬೆಗೇ ಹೋಗುತ್ತಾರೆ. ಅಮೆರಿಕದ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಸೀಳಿ ನೋಡಿದ ವಿಜ್ಞಾನಿ. ಮರಕ್ಕೆ ಗಾಯ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ ಎಂದು ತೋರಿಸಿದವರು. ಕೊಂಬೆಬುಡದ ಉಬ್ಬನ್ನೂ ಸೇರಿಸಿ ನುಣ್ಣಗೆ ಸವರಿದರೆ ಆ ಗೋಡೆಗೇ ಪೆಟ್ಟು. ನೆತ್ತಿ ಬೋಳಿಸುವವರದು ಇನ್ನೊಂದು ಕಥೆ: ಕಡಿದಲ್ಲಿ ಪೊರಕೆಯಂತೆ ಎದ್ದ ಚಿಗುರುಗಳು ಬೇಗ ತೋಳಿನ ದಪ್ಪವಾಗುತ್ತವೆ, ಆದರೆ ಕಚ್ಚಿಕೊಂಡಿರುವುದು ಹೊರಪದರಕ್ಕಷ್ಟೇ. ಪೊಟರೆಗೆ ಸಿಮೆಂಟ್ ತುಂಬುವ ಪುಣ್ಯಾತ್ಮರೂ ಇದ್ದಾರೆ. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗೀತೇ?

ಕಡಿಸಲೇಬೇಕಿದ್ದರೆ ಒಣಗಿದ್ದನ್ನು ಮಾತ್ರ ಕಡಿಸಿ. ಉಬ್ಬಿನಿಂದ ಒಂದಡಿ ಆಚೆ ಮೊದಲು ಅಡಿಯಿಂದ ಗರಗಸ ಹಾಕಿ, ಆಮೇಲೆ ಇನ್ನೂ ಸ್ವಲ್ಪ ಆಚೆ ಮೇಲಿನಿಂದ. ಉಳಿದ ಮೋಟನ್ನು ಉಬ್ಬಿನ ಹೊರಅಂಚಿಗೆ ಕೊಯ್ಯಿರಿ. ಗಾಯಕ್ಕೆ ಟಾರು ಬಳಿಯಬೇಡಿ.

— ಸಂ.