ಸಸ್ಯಾಹಾರಿಗಳಿಗೆ ಶಕ್ತಿ ಇರಲ್ಲ ಅನ್ನುವವರ ಬಾಯಿ ಮುಚ್ಚಿಸುವುದು ಹೇಗೆ? ಜಿಮ್‌ಗೋಸ್ಕರ ಮೊಟ್ಟೆ ಶುರು ಮಾಡಲೇ?

ಬಾಯಿ ಮುಚ್ಚಿಸೋಕೆ ಹೋಗಬೇಡಿ. ನಾನು ಹೋಗಿದ್ದೆ. ಮುಚ್ಚಿಸಿಯೂ ಬಂದೆ. ಆದರೆ ಇವತ್ತಿಗೂ ನನ್ನ ಎಡಗಾಲಿನ ಬೆರಳುಗಳಿಗೆ ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಸರಿಯಾಗಿ ಗೊತ್ತಾಗುವುದಿಲ್ಲ.

ಜಿಮ್‌ನಲ್ಲಿ ನಿಮ್ಮನ್ನು 'ಪುಳಿಚಾರು' ಅಂತ ಕರೆಯುತ್ತಾರೆ ಎಂದು ಬರೆದಿದ್ದೀರಿ. ಅದನ್ನು ಓದಿದ ಕೂಡಲೇ 2016 ನೆನಪಾಯಿತು. ನಾನು ರಾಣೆಬೆನ್ನೂರು ಕಡೆಯವನು. ಆಗಷ್ಟೇ ಪೀಣ್ಯದ ಒಂದು ಕಾರ್ಖಾನೆಗೆ ಸೇರಿದ್ದೆ. ಮೊದಲ ದಿನ ಕ್ಯಾಂಟೀನಿನಲ್ಲಿ ಡಬ್ಬಿ ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳು ಪಲ್ಯ. ಪಕ್ಕದವರು "ಬ್ರಾಹ್ಮಣರಾ?" ಎಂದರು. ಅಲ್ಲ, ಲಿಂಗಾಯತರು ಎಂದೆ. "ಎಲ್ಲಾ ಒಂದೇ ಬಿಡಿ, ಪುಳಿಚಾರ್ ಪಾರ್ಟಿ" ಎಂದು ನಕ್ಕರು. ಬಸವಣ್ಣ ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದರೋ.

ಅಲ್ಲಿಂದ ಶುರುವಾಯಿತು. ಮಷೀನಿಂದ ಡೈ, ಅಂದರೆ ಭಾರದ ಅಚ್ಚು, ಇಳಿಸುವಾಗ ಯಾರಾದರೂ ಓಡಿ ಬಂದು "ನೀವು ಬಿಡಿ ಸಾರ್, ಸೊಪ್ಪು ತಿನ್ನೋರು" ಅನ್ನುವುದು. ಪಂಜ ಕುಸ್ತಿಗೆ ಕರೆಯುವುದು. ಸೋತರೆ ಅನ್ನ ಸಾರಿನ ಜೋಕು. ನಮ್ಮಜ್ಜ ಜೀವಮಾನದಲ್ಲಿ ಮೊಟ್ಟೆ ಮುಟ್ಟಿದವರಲ್ಲ, ಜೋಳದ ಚೀಲ ಒಬ್ಬರೇ ಬೆನ್ನ ಮೇಲೆ ಹೊತ್ತು ಗಾಡಿಗೆ ಹಾಕುತ್ತಿದ್ದರು. ಇದನ್ನು ಹೇಳಿದರೆ ಇನ್ನೂ ಜಾಸ್ತಿ ನಗುತ್ತಿದ್ದರು. ಅಂಕಿ ಅಂಶ ಹುಡುಕಿಕೊಂಡು ಹೋಗಿಯೂ ವಾದ ಮಾಡಿದ್ದೇನೆ. ಕೇಂದ್ರ ಸರ್ಕಾರದ 2014ರ ಸ್ಯಾಂಪಲ್ ರಿಜಿಸ್ಟ್ರೇಷನ್ ಸಮೀಕ್ಷೆ ಪ್ರಕಾರ ಹರಿಯಾಣದಲ್ಲಿ 100ಕ್ಕೆ ಸುಮಾರು 69 ಜನ ಸಸ್ಯಾಹಾರಿಗಳು, ನಮ್ಮ ಕರ್ನಾಟಕದಲ್ಲಿ ಬರೀ 21. ದೇಶಕ್ಕೆ ಪೈಲ್ವಾನರನ್ನು ಕೊಡುವ ರಾಜ್ಯ ಯಾವುದು ಹೇಳಿ ಎಂದು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಮಾರನೇ ದಿನ ಮತ್ತೆ ಅದೇ ಪುಳಿಚಾರು.

ಸರಿ, ಮೈಯಲ್ಲೇ ತೋರಿಸುತ್ತೇನೆ ಎಂದು ಜಿಮ್ ಸೇರಿದೆ.

ಪ್ರೋಟೀನ್ ವಿಷಯದಲ್ಲಿ ನಾನು ತಪ್ಪು ಮಾಡಲಿಲ್ಲ. ಆ ಲೆಕ್ಕ ಪಕ್ಕಾ ಇತ್ತು. ಒಂದು ಮಾತು ಒಪ್ಪಿಕೊಳ್ಳಬೇಕು, ನಮ್ಮ ತಿಳಿಸಾರನ್ನು ಅವರು ಗೇಲಿ ಮಾಡುವುದರಲ್ಲಿ ಸ್ವಲ್ಪ ನಿಜ ಇದೆ. ನಾಲ್ಕು ಜನರ ಸಾರಿಗೆ 50 ಗ್ರಾಂ ತೊಗರಿಬೇಳೆ ಹಾಕಿದರೆ ಒಟ್ಟು ಪ್ರೋಟೀನ್ 11 ಗ್ರಾಂ. ತಲೆಗೆ ಮೂರು ಗ್ರಾಂ ಕೂಡ ಬರಲ್ಲ. 60 ಕೆ.ಜಿ. ತೂಕದವರಿಗೆ ದಿನಕ್ಕೆ 50 ಗ್ರಾಂ ಬೇಕು. ಹಾಗಾಗಿ ಹುರುಳಿಕಾಳು, ಕಡಲೆಕಾಳು, ಶೇಂಗಾ, ಸೋಯಾ ಚಂಕ್ಸ್ ತಿಂದೆ. ಚೆನ್ನಾಗಿಯೇ ತಿಂದೆ. ವರ್ಷ ತಿರುಗುವುದರೊಳಗೆ ಪಂಜದಲ್ಲಿ ಮೂವರನ್ನು ಮಲಗಿಸಿದೆ. ಕ್ಯಾಂಟೀನ್ ತಣ್ಣಗಾಯಿತು. ಆ ದಿನ ಊರಿಗೆ ಫೋನ್ ಮಾಡಿ ಹೇಳಿಕೊಂಡಿದ್ದೇನೆ, ಅಷ್ಟು ಖುಷಿ.

ಇದರ ನಡುವೆ ಹಾಲು ಬಿಟ್ಟೆ. ಹಾಲಿನಿಂದ ಕೊಬ್ಬು ಬರುತ್ತದೆ ಎಂದು ಜಿಮ್‌ನಲ್ಲಿ ಯಾರೋ ಹೇಳಿದರು. ಟೀ ಹೋಗಿ ಬ್ಲ್ಯಾಕ್ ಕಾಫಿ ಬಂತು. ಆಮೇಲೆ ಮೊಸರೂ ಹೋಯಿತು. ಅವ್ವ ಫೋನಿನಲ್ಲಿ "ಮೊಸರಿಲ್ದ ಊಟ ಒಂದು ಊಟೇನಪಾ?" ಅಂತಿದ್ದಳು. ನಾನು ನಕ್ಕು ಸುಮ್ಮನಾಗುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎರಡು ವರ್ಷ ಕಳೆದ ಮೇಲೆ ಸುಸ್ತು ಶುರುವಾಯಿತು. ಮೆಟ್ಟಿಲು ಹತ್ತಿದರೆ ಎದೆ ಡವಡವ. ಮಂಗಳೂರು ಕಡೆಯ ಒಬ್ಬ ಸಹೋದ್ಯೋಗಿ ನೋಡಿ, "ನೀನೊಮ್ಮೆ ವಿಟಮಿನ್ ಬಿ12 ನೋಡಿಸು ಮಾರಾಯ" ಎಂದ. ಮೂರು ಹೊತ್ತೂ ಮೀನು ತಿನ್ನುವವನು. ಇದೂ ಒಂದು ಕೊಂಕು ಅಂದುಕೊಂಡೆ. ಅವನ ಮುಂದೆ ನನ್ನ ಊಟದಲ್ಲಿ ಕೊರತೆ ಇದೆ ಎಂದು ಒಪ್ಪಿಕೊಂಡರೆ ಎರಡು ವರ್ಷದ ವಾದವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ ಅಲ್ವಾ? ಪರೀಕ್ಷೆ ಮಾಡಿಸಲಿಲ್ಲ. ರಕ್ತ ಕಡಿಮೆ ಇರಬೇಕು ಎಂದು ನಾನೇ ತೀರ್ಮಾನಿಸಿ, ಮೆಡಿಕಲ್ ಶಾಪಿಗೆ ಹೋಗಿ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರುವ ಮಾತ್ರೆ ತಂದು ನುಂಗಿದೆ. ಎಂಟು ತಿಂಗಳು.

ಸುಸ್ತು ಕಡಿಮೆಯಾಯಿತು. ಅದೇ ಮೋಸ. ರಕ್ತಕಣ ತಯಾರಾಗುವುದಕ್ಕೆ ಫೋಲಿಕ್ ಆಸಿಡ್ ಬೇಕು, ಬಿ12 ಕೂಡ ಬೇಕು. ಬಿ12 ಇಲ್ಲದಿದ್ದರೆ ಕಣಗಳು ದೊಡ್ಡದಾಗಿ, ಅರ್ಧಂಬರ್ಧ ಬೆಂದ ಹಾಗೆ ಹೊರಬರುತ್ತವೆ, ಸುಸ್ತಾಗುತ್ತದೆ. ಜಾಸ್ತಿ ಫೋಲಿಕ್ ಆಸಿಡ್ ಸುರಿದರೆ ಆ ಕೆಲಸ ಹೇಗೋ ಸಾಗುತ್ತದೆ, ಹಿಮೋಗ್ಲೋಬಿನ್ ಏರುತ್ತದೆ. ಆದರೆ ನರದ ಮೇಲೊಂದು ಹೊದಿಕೆ ಇದೆ, ಕರೆಂಟ್ ವೈರಿಗೆ ಪ್ಲಾಸ್ಟಿಕ್ ಇರುವ ಹಾಗೆ. ಅದಕ್ಕೆ ಬಿ12 ಇಲ್ಲದೆ ಆಗಲ್ಲ. ಫೋಲಿಕ್ ಆಸಿಡ್ ಅಲ್ಲಿ ಕೆಲಸಕ್ಕೆ ಬರಲ್ಲ. ಅಂದರೆ ಕಳ್ಳ ಒಳಗೆ ಬಂದಿದ್ದಾನೆ, ಬೊಗಳುತ್ತಿದ್ದ ನಾಯಿಯ ಬಾಯಿಯನ್ನು ನಾನೇ ಕಟ್ಟಿದ್ದೆ. ಸುಸ್ತು ಹೋಗಿದೆ, ಜಿಮ್ ನಡೆದಿದೆ, ಒಳಗೆ ನರ ಸುಲಿಯುತ್ತಿದೆ.

ಒಂದು ಸಂಜೆ ಬಸ್ ಇಳಿದು ರೂಮಿಗೆ ಹೋಗುತ್ತಿದ್ದೆ. ಹೂ ಮಾರುವ ಅಜ್ಜಿ ಹಿಂದಿನಿಂದ ಕೂಗಿದರು. "ಏನಪ್ಪಾ, ಒಂದು ಚಪ್ಪಲಿ ಬಿಟ್ಟೇ ಹೋಗ್ತಿದೀಯಲ್ಲ!" ತಿರುಗಿ ನೋಡಿದರೆ ಎಡಗಾಲಿನ ಹವಾಯಿ ಚಪ್ಪಲಿ ಹತ್ತು ಹೆಜ್ಜೆ ಹಿಂದೆ ಬಿದ್ದಿದೆ. ಜಲ್ಲಿಕಲ್ಲಿನ ರಸ್ತೆ. ಬರಿಗಾಲಲ್ಲಿ ನಡೆದಿದ್ದೇನೆ, ನನಗೆ ಗೊತ್ತೇ ಆಗಿಲ್ಲ. ಆಮೇಲೆ ಒಂದೊಂದೇ ಗಮನಕ್ಕೆ ಬಂತು. ಬೆಳಿಗ್ಗೆ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬೇಸಿನ್ ಕಡೆಗೆ ವಾಲುತ್ತಿದ್ದೆ. ಪಾದದಲ್ಲಿ ಇರುವೆ ಹರಿದಾಡಿದ ಹಾಗೆ ಆಗುತ್ತಿತ್ತು. ಎಲ್ಲಕ್ಕೂ ಜಿಮ್ ಕಾರಣ ಅಂದುಕೊಂಡಿದ್ದೆ.

ಡಾಕ್ಟರು ಕಣ್ಣು ಮುಚ್ಚಿಸಿ, ಶ್ರುತಿಕವೆ ಎನ್ನುವ ಕವಲು ಕಡ್ಡಿಯನ್ನು ಬಡಿದು ನಡುಗಿಸಿ, ಅದರ ಬುಡವನ್ನು ನನ್ನ ಪಾದದ ಗಂಟಿಗೆ ಇಟ್ಟರು. "ನಡುಗೋದು ಗೊತ್ತಾಗ್ತಿದೆಯಾ?" ಏನು ನಡುಗುವುದು ಎಂದು ಕೇಳಿದೆ. ಅದೇ ಕಡ್ಡಿಯನ್ನು ಮೊಣಕೈಗೆ ಇಟ್ಟಾಗ ಗೊತ್ತಾಯಿತು, ಜುಂ ಎನ್ನುತ್ತಿತ್ತು. ಬಿ12 ಬಂದದ್ದು 112. ಆ ಲ್ಯಾಬಿನ ಕಾಗದದಲ್ಲಿ 200ರಿಂದ ಮೇಲಿದ್ದರೆ ಸರಿ ಎಂದು ಬರೆದಿತ್ತು. ಕೆಂಪು ಬಣ್ಣದ ಇಂಜೆಕ್ಷನ್, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಓಲಾಟ ನಿಂತಿತು. ಬಲಗಾಲು ಸರಿಹೋಯಿತು. ಎಡಗಾಲಿನ ಬೆರಳು ಪೂರ್ತಿ ವಾಪಸ್ ಬರಲಿಲ್ಲ. ಎಂಟು ತಿಂಗಳು ಮುಂಚೆ ಬಂದಿದ್ದರೆ ಬರುತ್ತಿತ್ತೇನೋ ಎಂದರು.

ಆ ಮಂಗಳೂರಿನವನಿಗೆ ಬಿ12 ವಿಷಯ ಹೇಗೆ ಗೊತ್ತಿತ್ತು ಎಂದು ಆಮೇಲೆ ಕೇಳಿದೆ. ಅವರ ಅಪ್ಪನಿಗೂ ಅದೇ ಆಗಿತ್ತಂತೆ. ಬಂಗುಡೆ ಇಲ್ಲದೆ ಊಟ ಮಾಡದ ಮನುಷ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ಹತ್ತು ವರ್ಷ ತಿಂದಿದ್ದರು, ಅದು ಮೈ ಬಿ12 ಹೀರಿಕೊಳ್ಳುವುದನ್ನು ಕಡಿಮೆ ಮಾಡುತ್ತದೆ. ಪಾಪ, ಅವನು ಕೊಂಕು ಆಡಿರಲಿಲ್ಲ.

ನಿಮ್ಮ ಪ್ರಶ್ನೆಗೆ ಬಂದರೆ, 'ಸಸ್ಯಾಹಾರಿಗೆ ಶಕ್ತಿ ಇಲ್ಲ' ಎನ್ನುವುದು ಸುಳ್ಳು, ಅದು ನಿಮಗೇನೂ ಮಾಡಲ್ಲ. ನಮ್ಮವರೇ ಹೇಳಿಕೊಂಡು ತಿರುಗುವ 'ಸಸ್ಯಾಹಾರಿಗೆ ಕಾಯಿಲೆ ಬರಲ್ಲ' ಎನ್ನುವುದು ಇದೆಯಲ್ಲ, ನನ್ನ ಕಾಲು ತಿಂದದ್ದು ಅದು. ಗಿಡಮರಗಳು ಬಿ12 ತಯಾರಿಸುವುದೇ ಇಲ್ಲ, ಬ್ಯಾಕ್ಟೀರಿಯಾ ತಯಾರಿಸುತ್ತವೆ. ಹಸುವಿನ ಹೊಟ್ಟೆಯಲ್ಲಿ ಅವು ಇವೆ, ಅದಕ್ಕೆ ಹಾಲಿನಲ್ಲಿ ಸಿಗುತ್ತದೆ. ಸೊಪ್ಪು, ಕಾಳು, ಹುಳಿ ಬಂದ ಇಡ್ಲಿ ಹಿಟ್ಟು ಇವುಗಳನ್ನು ನಂಬಿ ಕೂರಬೇಡಿ. ಲಿವರಿನಲ್ಲಿ ಕೆಲವು ವರ್ಷಕ್ಕಾಗುವಷ್ಟು ದಾಸ್ತಾನು ಇರುತ್ತದೆ, ಹಾಗಾಗಿ ಖಾಲಿಯಾಗುವುದು ಗೊತ್ತೇ ಆಗಲ್ಲ.

ಇನ್ನು ನಮ್ಮನ್ನು ಎಲ್ಲರೂ ಹೀಗಳೆಯುತ್ತಾರೆ ಎಂದು ಜಾಸ್ತಿ ಅಳುವುದೂ ಬೇಡ. ಬೆಂಗಳೂರಿನಲ್ಲಿ ನನಗೆ ಎರಡೇ ದಿನದಲ್ಲಿ ಬಾಡಿಗೆ ಮನೆ ಸಿಕ್ಕಿದ್ದು 'ವೆಜ್ ಓನ್ಲಿ' ಬೋರ್ಡಿನಿಂದ. ಅದೇ ಬೀದಿಯಲ್ಲಿ ನನ್ನ ಜೊತೆ ಕೆಲಸ ಮಾಡುವವನು ಎರಡು ತಿಂಗಳು ಅಲೆದ. ಅವನು ನನ್ನನ್ನು ಪುಳಿಚಾರು ಅಂದರೆ ಅನ್ನಲಿ ಬಿಡಿ.

ಮೊಟ್ಟೆ? ತಿನ್ನಬೇಕು ಅನಿಸಿದರೆ ತಿನ್ನಿ, ಬೇಡ ಅನಿಸಿದರೆ ಬಿಡಿ, ಜಿಮ್‌ನವರನ್ನು ಮಾತ್ರ ಕೇಳಬೇಡಿ. ಒಂದು ಮೊಟ್ಟೆಯಲ್ಲಿ ಪ್ರೋಟೀನ್ 6 ಗ್ರಾಂ, ಬಿ12 ಸುಮಾರು ಅರ್ಧ ಮೈಕ್ರೋಗ್ರಾಂ. ದಿನಕ್ಕೆ ಬೇಕಾಗುವುದು ಎರಡು-ಎರಡೂವರೆ ಮೈಕ್ರೋಗ್ರಾಂ. ಒಂದು ಮೊಟ್ಟೆಯಿಂದ ಏನೂ ಬಗೆಹರಿಯಲ್ಲ. ಈ ವಾರವೇ ಬಿ12 ಮತ್ತು ರಕ್ತದ ಕೌಂಟ್ ಮಾಡಿಸಿ. ಅದಕ್ಕೆ ಮುಂಚೆ ಯಾವ ವಿಟಮಿನ್ ಮಾತ್ರೆಯನ್ನೂ ನುಂಗಬೇಡಿ, ರಿಪೋರ್ಟು ಸುಳ್ಳು ಹೇಳುತ್ತದೆ. ಕಡಿಮೆ ಬಂದರೆ ಮೆಡಿಕಲ್ ಶಾಪಿಗಲ್ಲ, ಡಾಕ್ಟರ ಹತ್ತಿರ ಹೋಗಿ.

ನಾನು ಈಗ ವಾರಕ್ಕೊಂದು ಮಾತ್ರೆ, ರಾತ್ರಿ ಮೊಸರನ್ನ. ಹವಾಯಿ ಚಪ್ಪಲಿ ಬಿಟ್ಟಿದ್ದೇನೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲೇ. ಆ ಅಜ್ಜಿ ಕಂಡರೆ ಈಗಲೂ ಮೊದಲು ಕಾಲು ನೋಡುತ್ತಾರೆ, ಆಮೇಲೆ ಮುಖ.